ನಾಲ್ಕು ಸಿಂಕಿನ ಮಾಸ್ತರ್

ಆ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡಿಗರು ಎದುರುಬದುರಾದರೆ ಊಟ ಆಯಿತೇ ಎಂದು ಕೇಳುವ ಪದ್ಧತಿಯೇ ನಿಂತುಹೋಗಿತ್ತು. ಮೊದಲ ಪ್ರಶ್ನೆ ‘ಯಾವ ಕಂಪನಿ?’, ಎರಡನೆಯದು ‘ಐಪಿಒ ಯಾವಾಗ?’, ಅಂದರೆ ಕಂಪನಿ ಷೇರುಪೇಟೆಗೆ ಇಳಿಯುವುದು ಯಾವಾಗ ಅಂತ. 1999ರ ದೀಪಾವಳಿಗೆ ಕನ್ನಡ ಕೂಟದವರು ಮಿಲ್ಪಿಟಾಸಿನ ಒಂದು ಸಭಾಂಗಣದಲ್ಲಿ ಊಟ ಇಟ್ಟುಕೊಂಡಿದ್ದರು. ಹೋಳಿಗೆಯ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದ ವಿರುಪಾಕ್ಷಪ್ಪನವರಿಗೂ ಹಿಂದೆ ನಿಂತ ಹುಡುಗ ಅದನ್ನೇ ಕೇಳಿದ.

“ಕಂಪನಿ ಅಲ್ರಿ, ಸಾಲಿ. ಹೇವರ್ಡಿನಾಗ ಮಿಡಲ್ ಸ್ಕೂಲಿನ್ಯಾಗ ಸೈನ್ಸ್ ಕಲಿಸ್ತೀನಿ.”

“ಓ... ಸದ್ಯಕ್ಕಾ?” ಅಂದ ಆ ಹುಡುಗ.

ಸದ್ಯಕ್ಕಂತೆ! ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಹೋಳಿಗೆಯ ಕಡೆ ತಿರುಗಿಬಿಡುತ್ತಿದ್ದರು. ವಿರುಪಾಕ್ಷಪ್ಪನವರು ಆ ಪೈಕಿ ಅಲ್ಲವೇ ಅಲ್ಲ. ಶಾಲೆಯ ಮಾತು ಬಂದರೆ ಅವರಿಗೆ ಹಸಿವೂ ಆಗುವುದಿಲ್ಲ, ಎದುರಿನವನಿಗೆ ಹಸಿವಾಗಿದೆ ಎನ್ನುವುದೂ ತಿಳಿಯುವುದಿಲ್ಲ. ಸಾಲು ಮುಂದೆ ಸರಿಯಿತು, ಅವರು ಸರಿಯಲಿಲ್ಲ. ಹದಿನಾಲ್ಕನೇ ನಂಬರಿನ ತಮ್ಮ ಕೋಣೆಯ ವರ್ಣನೆ ಶುರುಮಾಡಿದರು. ಅದರಲ್ಲಿ ನಾಲ್ಕು ಸಿಂಕುಗಳಿವೆ, ನಾಲ್ಕಕ್ಕೂ ನಲ್ಲಿಗಳಿವೆ, ನಾಲ್ಕರಲ್ಲೂ ನೀರು ಬರುತ್ತದೆ! ಹುಡುಗ ‘ನೀರು ಬರದೆ ಇನ್ನೇನು ಬರುತ್ತೆ ಸಾರ್’ ಎನ್ನುವ ಮುಖ ಮಾಡಿಕೊಂಡು ನಿಂತಿದ್ದ.

ಅವನಿಗೆ ಹೇಗೆ ತಿಳಿಯಬೇಕು? ವಿರುಪಾಕ್ಷಪ್ಪನವರು ರೋಣ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ವಿಜ್ಞಾನ ಕಲಿಸಿದವರು. ಆ ಶಾಲೆಗೆ ಲ್ಯಾಬು ಅಂತ ಇದ್ದದ್ದು ಒಂದು ಮರದ ಕಪಾಟು. ಅದರ ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿ. ಒಳಗಿನ ಗಾಜಿನ ಸಾಮಾನು ಒಡೆದರೆ ತಾವು ಉತ್ತರ ಕೊಡಬೇಕು ಎಂಬ ಹೆದರಿಕೆಗೆ ಆ ಪುಣ್ಯಾತ್ಮರು ಕಪಾಟು ತೆಗೆಯುತ್ತಿದ್ದುದು ಇನ್ಸ್‌ಪೆಕ್ಷನ್ ದಿನ ಮಾತ್ರ. ಹಾಗಾಗಿ ವಿರುಪಾಕ್ಷಪ್ಪನವರು ಸುಟ್ಟುಹೋದ ಬಲ್ಬಿನ ಬುಡ ಒಡೆದು ನೀರು ತುಂಬಿ ಮಸೂರ ಮಾಡಿಕೊಂಡರು. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಡತಿ ಪ್ರಭಾ ತಂದುಕೊಟ್ಟ ಹಳೇ ಸಲೈನ್ ಪೈಪಿನಿಂದ ನೀರಿನ ಒತ್ತಡ ತೋರಿಸಿದರು. ಜಿಲ್ಲಾ ವಿಜ್ಞಾನ ಮೇಳದಲ್ಲಿ ಎರಡು ಸಲ ಬಹುಮಾನ ಬಂತು. ಮಕ್ಕಳು ಅವರನ್ನು ದೇವರೆಂದೇ ತಿಳಿದಿದ್ದರು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು.

ಪ್ರಭಾ ಹಟ ಹಿಡಿದು ನರ್ಸಿಂಗ್ ಪರೀಕ್ಷೆ ಪಾಸು ಮಾಡಿದಳು, 1995ರಲ್ಲಿ ಅವಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿಯ ಹಿಂದೆ ಗಂಡ ಹೊರಟ ಎಂದು ಊರಿನ ಕಟ್ಟೆಯ ಮೇಲೆ ನಗಾಡಿದರು. ನಗಲಿ ಬಿಡಿ! ಹೇವರ್ಡಿನ ಹತ್ತಿರದ ನೆವಾರ್ಕಿನಲ್ಲಿ ಅಪಾರ್ಟ್‌ಮೆಂಟು ಹಿಡಿದರು. ಎರಡು ವರ್ಷ ಮಾಸ್ತರರು ಮಿಲ್ಪಿಟಾಸಿನ ಗೋಡೌನೊಂದರಲ್ಲಿ ಕಂಪ್ಯೂಟರ್ ಭಾಗಗಳನ್ನು ಡಬ್ಬಿಗೆ ತುಂಬಿದರು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ಶಿಕ್ಷಕರಿಗೆ ಬರ ಬಂದಿತ್ತು. ಪರೀಕ್ಷೆಯೊಂದನ್ನು ಬರೆದವರಿಗೆ ‘ಎಮರ್ಜೆನ್ಸಿ ಪರ್ಮಿಟ್’ ಅಂತ ಕೊಟ್ಟು ತರಗತಿಗೆ ಕಳಿಸುತ್ತಿದ್ದರು. ಎಮರ್ಜೆನ್ಸಿ ಎಂದರೆ ಜನರನ್ನು ಹಿಡಿದು ಒಳಗೆ ಹಾಕುವುದು ಎಂದಷ್ಟೇ ಗೊತ್ತಿದ್ದ ವಿರುಪಾಕ್ಷಪ್ಪನವರಿಗೆ, ಎಮರ್ಜೆನ್ಸಿಯ ಹೆಸರಿನಲ್ಲಿ ಕೆಲಸ ಕೊಡುವ ದೇಶವೂ ಇದೆಯಲ್ಲ ಎಂದು ಭಾರೀ ಖುಷಿಯಾಯಿತು. ಪರ್ಮಿಟ್ಟು ಒಂದು ವರ್ಷದ್ದು. ಪ್ರಿನ್ಸಿಪಾಲರು ಬೇಕು ಎಂದರೆ ಮತ್ತೊಂದು ವರ್ಷ.

ಮೊದಲ ದಿನ ಹದಿನಾಲ್ಕನೇ ಕೋಣೆಗೆ ಹೋದವರೇ ನಾಲ್ಕೂ ನಲ್ಲಿಗಳನ್ನು ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. ಕೀಲಿ ಅವರ ಕಿಸೆಯಲ್ಲೇ ಇತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಣ್ಣಗೆ ಒಂದು ಸಿಳ್ಳೆ ಹಾಕಿದರು.

ಎಡವಟ್ಟಾದದ್ದು ಆ ವಾರದ ಕೊನೆಯಲ್ಲಿ. ಗಾಳಿಗೂ ತೂಕವಿದೆ ಎಂಬ ಪಾಠ ಮುಗಿಸಿ, ಹನ್ನೊಂದು ವರ್ಷದ ರೂಢಿಯಂತೆ ಕೈಯ ಸೀಮೆಸುಣ್ಣ ಕೊಡವಿಕೊಂಡು ಕೇಳಿದರು: “ಎನಿ ಡೌಟ್ಸ್?”

ನಮ್ಮ ಕಡೆ ಡೌಟು ಎಂದರೆ ಏನು? ತಿಳಿಯದ್ದು ಏನಾದರೂ ಇದ್ದರೆ ಕೇಳಿ ಅಂತ. ಅದು ಪಾಠದ ಮಂಗಳಾರತಿ ಇದ್ದ ಹಾಗೆ. ಯಾರೂ ಕೈ ಎತ್ತುವುದಿಲ್ಲ, ಗಂಟೆ ಬಾರಿಸುತ್ತದೆ, ಎಲ್ಲರೂ ಎದ್ದುಹೋಗುತ್ತಾರೆ. ಇಲ್ಲಿ ಮೂವತ್ತೆರಡು ಮಕ್ಕಳು ಮಿಕಿಮಿಕಿ ನೋಡಿದವು. ಹಿಂದಿನ ಬೆಂಚಿನಿಂದ ಮರಿಸೋಲ್ ಎಂಬ ಹುಡುಗಿ ಕೈ ಎತ್ತಿದಳು. ಮೆಕ್ಸಿಕೋದಿಂದ ಬಂದ ಮನೆತನದ ಮಗಳು, ಹನ್ನೊಂದು ವರ್ಷ, ಎರಡು ಜಡೆ, ದೊಡ್ಡ ಗಂಟಲು.

“ಇದೆ, ಮಿಸ್ಟರ್ ವಿ. ನಾನು ನಂಬಲ್ಲ.”

“ಏನನ್ನ?”

“ನೀವು ಹೇಳಿದ್ದನ್ನ. ಗಾಳಿಗೆ ತೂಕ ಇದೆ ಅಂತೀರಲ್ಲ, ಅದನ್ನ.”

ವಿರುಪಾಕ್ಷಪ್ಪನವರಿಗೆ ಪಿತ್ತ ನೆತ್ತಿಗೇರಿತು. ಮಾಸ್ತರ್ ಹೇಳಿದ್ದನ್ನು ನಂಬುವುದಿಲ್ಲ ಎಂದು ಮುಖದ ಮೇಲೆ ಹೇಳುವುದೇ? ಊರಲ್ಲಾಗಿದ್ದರೆ ಈ ಹುಡುಗಿ ಬೆಂಚಿನ ಮೇಲೆ ನಿಲ್ಲುತ್ತಿದ್ದಳು. ಇಲ್ಲಿ ನಿಲ್ಲಿಸಿದರೆ ತಾವೇ ನಿಲ್ಲಬೇಕಾಗುತ್ತದೆ. ಸಿಟ್ಟು ನುಂಗಿ, ಆಟದ ಕೋಣೆಯಿಂದ ಗಾಳಿ ಕಡಿಮೆಯಾದ ಬ್ಯಾಸ್ಕೆಟ್‌ಬಾಲ್ ತರಿಸಿದರು. ತೂಗಿದರು. ಪಂಪು ಹೊಡೆದು ಕಲ್ಲಿನಂತಾಗುವವರೆಗೆ ಗಾಳಿ ತುಂಬಿ ಮತ್ತೆ ತೂಗಿದರು. ಮುಳ್ಳು ಕೂದಲೆಳೆಯಷ್ಟು ಆ ಕಡೆ ಸರಿಯಿತು. ಮಕ್ಕಳೆಲ್ಲ ತಕ್ಕಡಿಯ ಮೇಲೆ ಮುಗಿಬಿದ್ದರು. ಮರಿಸೋಲ್ ಮೂರು ಸಲ ತಾನೇ ತೂಗಿ ನೋಡಿ, “ಸರಿ, ಈಗ ನಂಬ್ತೀನಿ” ಎಂದು ಮಹಾರಾಣಿಯ ಗತ್ತಿನಲ್ಲಿ ಹೇಳಿ ಕುಳಿತಳು.

ರಾತ್ರಿ ಊಟಕ್ಕೆ ಕೂತಾಗ ಮಾಸ್ತರರು ಕುದಿಯುತ್ತಲೇ ಇದ್ದರು. “ಎನಿ ಡೌಟ್ಸ್ ಅಂತ ಮರ್ಯಾದಿಲೆ ಕೇಳಿದ್ನಿ. ನಂಬಂಗಿಲ್ಲ ಅಂತಾಳ! ಎಂಥಾ ಸಂಶಯ ಪಿಶಾಚಿ ನೋಡ ಪ್ರಭಾ!”

ಮಗಳು ಅಪೇಕ್ಷಾಗೆ ಆಗ ಒಂಬತ್ತು ವರ್ಷ. ಬಾಯಲ್ಲಿದ್ದ ರೊಟ್ಟಿ ಉಗುಳುವ ಹಾಗೆ ನಕ್ಕಳು. “ಅಪ್ಪಾ! ಓ ಮೈ ಗಾಡ್. ಇಲ್ಲಿ ಡೌಟ್ ಅಂದ್ರೆ ಕ್ವೆಶ್ಚನ್ ಅಲ್ಲ. ನನ್ನ ಮಾತು ಸುಳ್ಳು ಅನ್ಸುತ್ತಾ ಅಂತ ನೀನೇ ಕೇಳ್ದಂಗೆ ಆಯ್ತು!”

ಪ್ರಭಾಗೂ ನಗು ತಡೆಯಲಾಗಲಿಲ್ಲ. “ಅಲ್ರೀ, ನೀವು ಕೇಳೀರಿ, ಅಕಿ ಹೇಳ್ಯಾಳ. ಪಾಪ, ಆ ಹುಡುಗೀದು ಏನ್ ತಪ್ಪೈತಿ?”

ವಿರುಪಾಕ್ಷಪ್ಪನವರ ಕೈ ತಾಟಿನಲ್ಲೇ ನಿಂತಿತು. ಒಮ್ಮೆಲೇ ಎದ್ದುನಿಂತರು, ಎಂಜಲು ಕೈಯಲ್ಲೇ. “ಏ, ಇದು ಚಲೋ ಐತಲ್ಲ! ನಾ ತಪ್ಪ ಕೇಳಿದ್ನಿ, ಆದ್ರ ಕೇಳಬೇಕಾದದ್ದು ಇದನ್ನ ನೋಡು!”

ಮರುವಾರದಿಂದ ಹದಿನಾಲ್ಕನೇ ಕೋಣೆಯಲ್ಲಿ ಶುಕ್ರವಾರವೆಂದರೆ ಡೌಟಿನ ದಿನ. ವಾರವಿಡೀ ಕಲಿತದ್ದರಲ್ಲಿ ಯಾವುದು ನಂಬಲು ಆಗುವುದಿಲ್ಲವೋ ಅದನ್ನು ಹೇಳಬೇಕು. ಕಾನೂನು ಒಂದೇ: ಯಾರು ಡೌಟು ಎಂದರೋ ಅವರೇ ಮಾಡಿ ನೋಡಬೇಕು, ಮಾಸ್ತರರು ಬೇಡ ಎನ್ನುವ ಹಾಗಿಲ್ಲ. ಹಗುರವಾದದ್ದು ನಿಧಾನಕ್ಕೆ ಬೀಳುವುದಿಲ್ಲ ಎಂದರೆ ಮಕ್ಕಳು ಮೆಟ್ಟಿಲ ಮೇಲಿಂದ ಕಲ್ಲಂಗಡಿಯನ್ನೂ ನಿಂಬೆಹಣ್ಣನ್ನೂ ಒಟ್ಟಿಗೆ ಬೀಳಿಸಿದರು. ಎರಡೂ ಒಟ್ಟಿಗೇ ಬಿದ್ದವು, ಕಲ್ಲಂಗಡಿಯನ್ನು ಜಾಡಮಾಲಿ ಬೈದುಕೊಂಡು ತೊಳೆದ. ಸಂಶಯ ಪಿಶಾಚಿ ಎಂಬ ಮಾತನ್ನು ಮಾಸ್ತರರು ಒಂದು ಸಲ ಬಾಯಿತಪ್ಪಿ ಹೇಳಿದ್ದೇ ತಡ, ಮಕ್ಕಳು ಅದನ್ನು ಎತ್ತಿಕೊಂಡುಬಿಟ್ಟವು. ‘ಪಿಶಾಚಿ ಫ್ರೈಡೇ’ ಎಂದು ಹೆಸರಿಟ್ಟವು. ಮೆಕ್ಸಿಕೋದವು, ಫಿಲಿಪೀನ್ಸಿನವು, ಪಂಜಾಬಿನವು, ಕರಿಯರವು, ಬಿಳಿಯರವು, ಎಲ್ಲವೂ ‘ಐ ಆಮ್ ಎ ಪಿಶಾಚಿ’ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುವುದನ್ನು ನೋಡಿದರೆ ರೋಣ ತಾಲ್ಲೂಕಿನ ಯಾವ ಅಜ್ಜಿಗಾದರೂ ಎದೆ ಒಡೆಯುತ್ತಿತ್ತು.

ಬೇರೆ ಕೋಣೆಗಳ ಶಿಕ್ಷಕರು ಬಂದು ಬಾಗಿಲಲ್ಲಿ ನಿಂತು ನೋಡತೊಡಗಿದರು. ಪ್ರಿನ್ಸಿಪಾಲ್ ಮಿಸ್ ಹ್ಯಾನ್ಸನ್ ಎರಡು ಸಲ ಪರ್ಮಿಟ್ಟು ಮುಂದುವರಿಸಿದರು. ‘ಇನ್ನೊವೇಶನ್’ ಎಂಬ ಪದ ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಆ ಊರಿನ ಗಾಳಿಯೇ ಆಗ ಹಾಗಿತ್ತು.

ಇಷ್ಟನ್ನೂ ವಿರುಪಾಕ್ಷಪ್ಪನವರು ಹೋಳಿಗೆಯ ಸಾಲಿನಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದರೆ, ಸದ್ಯಕ್ಕಾ ಎಂದ ಹುಡುಗ ಮೆಲ್ಲಗೆ ನುಣುಚಿಕೊಂಡ. ಅವನ ಹಿಂದೆ ಇದ್ದವರು ಮಾತ್ರ ತಟ್ಟೆ ಕೆಳಗಿಟ್ಟು ಮುಂದೆ ಬಂದರು.

“ಮಾಷ್ಟ್ರೇ, ನಿಮ್ಮಂಥವರನ್ನೇ ಮಾರಾಯ್ರೆ ನಾನು ಹುಡುಕ್ತಾ ಇದ್ದದ್ದು!”

ಅವರು ಜಯರಾಜ್. ಉಡುಪಿಯವರು, ಹೆಸರಿನ ಬಾಲಕ್ಕೆ ಡಾಟ್ ಕಾಮ್ ಅಂಟಿಸಿಕೊಂಡ ಒಂದು ಕಂಪನಿಯ ಯಜಮಾನರು. ವಿಜ್ಞಾನದ ಪ್ರಯೋಗಗಳನ್ನೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಮಾಡಿ ತೋರಿಸುವ ಕಾರ್ಯಕ್ರಮ ತಯಾರು ಮಾಡುತ್ತಿದ್ದರು. ಪರೀಕ್ಷೆಗೆ ಒಂದು ಶಾಲೆ ಬೇಕಿತ್ತು, ಪ್ರಯೋಗಗಳನ್ನು ಬರೆದುಕೊಡಲು ಒಬ್ಬ ಮಾಸ್ತರರು ಬೇಕಿದ್ದರು. ಒಪ್ಪಿದರೆ ಶಾಲೆಗೆ ಮೂವತ್ತು ಹೊಸ ಕಂಪ್ಯೂಟರುಗಳು, ಪುಕ್ಕಟೆ.

ವಿರುಪಾಕ್ಷಪ್ಪನವರಿಗೆ ನೆಲ ಕಾಣಲಿಲ್ಲ. ಮೂವತ್ತು ಕಂಪ್ಯೂಟರ್! ಅಂದಿನಿಂದ ಪ್ರತಿ ಶನಿವಾರ ಅವರು ಜಯರಾಜರ ಆಫೀಸಿಗೆ ಹೋದರು. ಅಲ್ಲಿ ಕುರ್ಚಿಗಿಂತ ಹೆಚ್ಚು ದೊಡ್ಡ ದೊಡ್ಡ ದಿಂಬುಗಳಿದ್ದವು. ಫ್ರಿಜ್ಜಿನ ತುಂಬ ಸೋಡಾ. ದಿಂಬಿನಲ್ಲಿ ಹೂತು ಕುಳಿತು, ಹನ್ನೊಂದು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ್ದನ್ನೆಲ್ಲ ನೆನಪಿನಿಂದ ಬಗೆದು ಕೊಟ್ಟರು. ಒಟ್ಟು ಅರವತ್ತು ಪ್ರಯೋಗಗಳು. “ಖರೇ ಲ್ಯಾಬಿಗಿಂತ ಒಂದ್ ಕೈ ಮ್ಯಾಲ ಆಗ್ತೈತ್ರಿ ಇದು!” ಎಂದು ಉಬ್ಬಿ ಹೇಳಿದರು. ಮಿಸ್ ಹ್ಯಾನ್ಸನ್ ಮುಂದೆಯೂ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಮಾತು ಆಡಿದರೆ ಹೋಯಿತು ಅಂತಾರೆ, ಖುಷಿಯಲ್ಲಿ ಯಾರಿಗೆ ಅದು ನೆನಪಿರುತ್ತದೆ?

ಫೆಬ್ರುವರಿಯಲ್ಲಿ ಕಂಪ್ಯೂಟರುಗಳು ಲಾರಿಯಲ್ಲಿ ಬಂದು ಇಳಿದವು. ಮಾಸ್ತರರು ಸ್ವತಃ ತೋಳು ಮಡಚಿ ಡಬ್ಬಿ ಹೊತ್ತರು. ಅದೇ ಸಂಜೆ ಮಿಸ್ ಹ್ಯಾನ್ಸನ್ ಕರೆದು ನಗುನಗುತ್ತಾ ಹೇಳಿದರು: “ಮಿಸ್ಟರ್ ವಿ, ನಿಮಗೆ ಸಂತೋಷದ ಸುದ್ದಿ. ಕಂಪ್ಯೂಟರ್ ಲ್ಯಾಬಿಗೆ ನಿಮ್ಮ ಕೋಣೆಯನ್ನೇ ಆರಿಸಿದ್ದೇವೆ. ಅಲ್ಲಿನ ವೈರಿಂಗ್ ಗಟ್ಟಿಯಾಗಿದೆ. ಬೇಸಿಗೆ ರಜೆಯಲ್ಲಿ ಸಿಂಕುಗಳನ್ನು ಕಿತ್ತು ಕಾರ್ಪೆಟ್ ಹಾಕಿಸುತ್ತೇವೆ. ಪ್ರಯೋಗಗಳೆಲ್ಲ ಪರದೆಯ ಮೇಲೇ ಆಗುತ್ತವಲ್ಲ.”

“ಸಿಂಕು... ಕೀಳುವುದೇ?”

“ನೀವೇ ಹೇಳಿದಿರಿ, ನಿಜವಾದ ಲ್ಯಾಬಿಗಿಂತ ಇದೇ ಮೇಲು ಅಂತ.”

ಹೌದು, ಹೇಳಿದ್ದರು! ಏಪ್ರಿಲ್‌ನಲ್ಲಿ ಶಾಲಾ ಸಮಿತಿಯವರ ಎದುರು ಕಾರ್ಯಕ್ರಮದ ಪ್ರದರ್ಶನ, ಅವರು ಒಪ್ಪಿದ ಕೂಡಲೇ ಕೆಲಸ ಶುರು ಎಂದರು. ಮಾಸ್ತರರು ತಲೆಯಾಡಿಸಿ ಹೊರಗೆ ಬಂದರು.

ಮನೆಗೆ ಬಂದವರು ಶೂ ಬಿಚ್ಚದೆ ಸೋಫಾದ ಮೇಲೆ ಕುಸಿದರು. “ಹಾದ್ಯಾಗ ಹೊಂಟ ಮಾರಿನ ಮನಿಗೆ ಕರದಂಗ ಆತು, ಪ್ರಭಾ. ನಾನ ಕರಕೊಂಡ ಬಂದ್ನಿ, ನಾನ ಹೊತ್ತ ಇಳಿಸಿದ್ನಿ.”

“ಹೋಗಿ ಬ್ಯಾಡ ಅಂತ ಹೇಳ್ರಿ. ಬಾಯಿ ಇಲ್ಲೇನು ನಿಮಗ?”

“ಪರ್ಮಿಟ್ ಅಕಿ ಕೈಯಾಗ ಐತಿ. ಮ್ಯಾಲ, ಬರದಾಂವ ನಾನು. ಈಗ ಬ್ಯಾಡ ಅಂದ್ರ ಎಲ್ಲಾರೂ ನಗ್ತಾರ.” ಶೂ ಬಿಚ್ಚುತ್ತಾ, “ಕಂಪ್ಯೂಟರೂ ಬೇಕು ನನಗ. ಸಿಂಕೂ ಬೇಕು” ಎಂದರು. ಹೇಳುವಾಗ ಕಣ್ಣಲ್ಲಿ ನೀರಾಡಿತು. ಅರವತ್ತು ಮಕ್ಕಳನ್ನು ಕಪಾಟಿನ ಮುಂದೆ ನಿಲ್ಲಿಸಿ ‘ಇದರೊಳಗೆ ಬ್ಯುರೆಟ್ ಇದೆ ಎಂದು ಊಹಿಸಿಕೊಳ್ಳಿ’ ಎಂದು ಕಲಿಸಿದವರಿಗೆ ಮಾತ್ರ ಆ ಸಂಕಟ ಗೊತ್ತು.

ಏಪ್ರಿಲ್ ಬಂತು. ಶುಕ್ರವಾರ ಮಧ್ಯಾಹ್ನ. ಕೋಣೆಯ ಒಂದು ಬದಿಗೆ ಎಂಟು ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟಿದ್ದರು. ಮಿಸ್ ಹ್ಯಾನ್ಸನ್ ಬಂದರು, ಸಮಿತಿಯ ಇಬ್ಬರು ಬಂದರು, ಕೋಟು ಹಾಕಿ ಟೈ ಮರೆತ ಜಯರಾಜ್ ಬಂದರು. ಮರಿಸೋಲ್ ಈಗ ಎಂಟನೇ ತರಗತಿಯವಳು. ಶುಕ್ರವಾರದ ಹಳೇ ಪಿಶಾಚಿ ಎಂದು ಅವಳನ್ನೂ ಪ್ರದರ್ಶನಕ್ಕೆ ಕೂರಿಸಿದ್ದರು. ಅವಳ ಪಾಲಿಗೆ ಬಂದದ್ದು ನಲವತ್ತೇಳನೇ ಪ್ರಯೋಗ.

ಪರದೆಯ ಮೇಲೆ ಭೂಮಿ ಗಿರ್ರನೆ ತಿರುಗಿತು. ಅದರ ಪಕ್ಕ ಒಂದು ಬಿಳಿ ಸಿಂಕು ಮೂಡಿತು. ಬೂಚು ತೆಗೆದರು, ನೀಲಿ ನೀರು ಅಪ್ರದಕ್ಷಿಣವಾಗಿ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಚಂದಗೆ ಸುತ್ತುತ್ತಾ ಇಳಿಯಿತು. ಒಂದು ಗಂಭೀರ ಧ್ವನಿ ಹೇಳಿತು: “ಭೂಮಿಯ ತಿರುಗುವಿಕೆಯಿಂದಾಗಿ ಉತ್ತರ ಗೋಳಾರ್ಧದ ಪ್ರತಿಯೊಂದು ಸಿಂಕಿನಲ್ಲೂ ನೀರು ಹೀಗೆಯೇ ಸುತ್ತುತ್ತದೆ.” ಸಮಿತಿಯವರು ತಲೆದೂಗಿದರು. ಜಯರಾಜ್ ಹೆಮ್ಮೆಯಿಂದ ಕೈಕಟ್ಟಿ ನಿಂತರು.

ಮರಿಸೋಲ್ ಕೈ ಎತ್ತಿದಳು. “ಮಿಸ್ಟರ್ ವಿ, ಐ ಹ್ಯಾವ್ ಎ ಡೌಟ್.”

ಬಂದವರು ಮುಗುಳ್ನಕ್ಕರು. ಮಿಸ್ ಹ್ಯಾನ್ಸನ್ ವಾಚು ನೋಡಿಕೊಂಡು, “ಅತಿಥಿಗಳು ಹೋದ ಮೇಲೆ ನೋಡೋಣ, ಮರಿಸೋಲ್” ಅಂದರು.

ವಿರುಪಾಕ್ಷಪ್ಪನವರಿಗೆ ಬೆವರು ಕಿತ್ತಿತು. ಯಾಕೆಂದರೆ ಆ ನಲವತ್ತೇಳನೆಯದು ಅವರದೇ. ಅವರ ಮಾಸ್ತರರು ಅವರಿಗೆ ಹೇಳಿಕೊಟ್ಟದ್ದು, ಅವರು ಹನ್ನೊಂದು ವರ್ಷ ‘ನಮ್ಮ ಕಡೆ ನೀರು ಅಪ್ರದಕ್ಷಿಣೆ ಹಾಕುತ್ತದೆ’ ಎಂದು ತಮಾಷೆ ಬೆರೆಸಿ ಕಲಿಸಿದ್ದು. ಆ ಊರಲ್ಲಿ ಸಿಂಕೇ ಇರಲಿಲ್ಲ, ನೋಡಲಿಲ್ಲ, ಸರಿ. ಇಲ್ಲಿ ಎರಡೂವರೆ ವರ್ಷದಿಂದ ನಾಲ್ಕು ಸಿಂಕುಗಳ ನಡುವೆ ಓಡಾಡಿಕೊಂಡಿದ್ದೇನಲ್ಲ, ಒಂದು ದಿನವಾದರೂ ಬೂಚು ಕಿತ್ತು ನೋಡಿದೆನೇ? ಇಲ್ಲ! ನೋಡಬೇಕು ಎಂದು ಹೊಳೆಯಲೂ ಇಲ್ಲ!

ಆಮೇಲೆ ನೋಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿಯ ಮಾತು ನಿಜವಾದರೆ ಜಯರಾಜರ ಎದುರು, ಸಮಿತಿಯ ಎದುರು ಮಾನ ಮೂರು ಕಾಸು. ಪರ್ಮಿಟ್ಟಿನ ಕಥೆ ಆ ದೇವರಿಗೇ ಗೊತ್ತು. ಹುಡುಗಿಯನ್ನು ಕೂರಿಸಿದರೆ ಶುಕ್ರವಾರದ ಕಾನೂನು ಇವತ್ತಿಗೆ ಸತ್ತಿತು. ಮರಿಸೋಲ್ ಎತ್ತಿದ ಕೈ ಇಳಿಸದೆ ಅವರನ್ನೇ ನೋಡುತ್ತಿದ್ದಳು. ಉಳಿದ ಮಕ್ಕಳೂ ನೋಡುತ್ತಿದ್ದವು. ಪರದೆಯ ನೀಲಿ ನೀರು ಮಾತ್ರ ಅಪ್ರದಕ್ಷಿಣೆ ಹಾಕುತ್ತಲೇ ಇತ್ತು.

“ಮಾಡಿ ನೋಡು” ಎಂದುಬಿಟ್ಟರು ವಿರುಪಾಕ್ಷಪ್ಪನವರು.

ಪಿಶಾಚಿಗಳು ಧಡಧಡ ಎದ್ದವು. ನಾಲ್ಕೂ ಸಿಂಕುಗಳಿಗೆ ಬೂಚು ಬಿತ್ತು, ನಲ್ಲಿಗಳು ಭೋರೆಂದವು. ಸುತ್ತುವುದು ಕಾಣಲೆಂದು ಸೀಮೆಸುಣ್ಣದ ಪುಡಿ ಉದುರಿಸಿದರು. ಅತಿಥಿಗಳು ಬೇರೆ ದಾರಿಯಿಲ್ಲದೆ ಹತ್ತಿರ ಬಂದು ಬಗ್ಗಿದರು.

ಮೊದಲನೇ ಸಿಂಕು: ಅಪ್ರದಕ್ಷಿಣ. ಜಯರಾಜ್ ಉಸಿರು ಬಿಟ್ಟರು. ಎರಡನೆಯದರ ಪುಡಿ ಸ್ವಲ್ಪ ಹೊತ್ತು ಅನುಮಾನಿಸಿ, ಮೆಲ್ಲಗೆ ತಿರುಗಿ, ಎದುರು ದಿಕ್ಕಿಗೆ ಸುತ್ತಿತು.

“ಕ್ಲಾಕ್‌ವೈಸ್!” ಎಂದು ಮರಿಸೋಲ್ ಕಿರುಚಿದ ರಭಸಕ್ಕೆ ಸಮಿತಿಯವರೊಬ್ಬರು ಬೆಚ್ಚಿಬಿದ್ದರು.

ಮೂರನೆಯದೂ ಪ್ರದಕ್ಷಿಣ. ನಾಲ್ಕನೆಯದು ಯಾವ ಕಡೆಗೂ ಸುತ್ತದೆ ಗೊಳಕ್ಕೆಂದು ನೇರವಾಗಿ ಇಳಿದುಹೋಯಿತು. “ಇನ್ನೊಮ್ಮೆ! ಇನ್ನೊಮ್ಮೆ!” ಇನ್ನೊಮ್ಮೆ ತುಂಬಿದರೆ ಮೂರನೆಯದು ಈ ಸಲ ಉಲ್ಟಾ ಸುತ್ತಿತು. ನೀರನ್ನು ಕೈಯಲ್ಲಿ ತುಸು ಯಾವ ಕಡೆಗೆ ಅಲುಗಿಸಿದರೆ ಆ ಕಡೆಗೇ ಸುತ್ತುತ್ತದೆ ಎಂದು ಒಬ್ಬ ಕಂಡುಹಿಡಿದ. ನೀರು ಹಾರಿತು, ಮಿಸ್ ಹ್ಯಾನ್ಸನ್ ಅವರ ಶೂ ನೆನೆಯಿತು, ಮಕ್ಕಳು ಪಿಶಾಚಿ ಪಿಶಾಚಿ ಎಂದು ಮೇಜು ಬಡಿದರು.

ವಿರುಪಾಕ್ಷಪ್ಪನವರು ಎರಡನೇ ಸಿಂಕಿನ ಎದುರು ಮೊಣಕಾಲೂರಿ ಕುಳಿತುಬಿಟ್ಟಿದ್ದರು. ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ನಾಚಿಕೆಯಾಗಬೇಕಿತ್ತು. ಆಗಿದ್ದು ಸಂತೋಷ! ಇಷ್ಟು ವರ್ಷ ಯಾರದೋ ಮಾತಿನಲ್ಲಿ ಸುತ್ತಿದ ನೀರು ಈಗ ಕಣ್ಣೆದುರು ತನಗಿಷ್ಟ ಬಂದ ಹಾಗೆ ಸುತ್ತುತ್ತಿತ್ತು. ಅವರಿಗೆ ಎದ್ದು ಕುಣಿಯಬೇಕೆನ್ನಿಸಿತು.

ಎದ್ದು ಕೈ ಒರೆಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಈ ತಪ್ಪು ಕಂಪನಿಯದಲ್ಲ, ನನ್ನದು. ಬರೆದುಕೊಟ್ಟವನು ನಾನು. ಭೂಮಿಯ ತಿರುಗುವಿಕೆ ದೊಡ್ಡ ದೊಡ್ಡ ಚಂಡಮಾರುತಗಳನ್ನು ತಿರುಗಿಸುತ್ತದೆ ಅನ್ನುವುದು ಸರಿ. ಇಷ್ಟು ಸಣ್ಣ ಸಿಂಕಿನ ಮೇಲೆ ಅದರ ಆಟ ನಡೆಯುವುದಿಲ್ಲ ಅಂತ ಕಾಣುತ್ತದೆ. ಹನ್ನೊಂದು ವರ್ಷ ಮಕ್ಕಳಿಗೆ ಇದನ್ನೇ ಕಲಿಸಿದೆ. ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ.”

ಸಿಂಕು ಕೀಳುವ ಸುದ್ದಿ ಮಕ್ಕಳಿಗೂ ಮುಟ್ಟಿತ್ತು. ಮರಿಸೋಲ್ ಕೇಳಿದಳು: “ಸಿಂಕು ಕಿತ್ತುಬಿಟ್ಟರೆ ಮುಂದಿನ ವರ್ಷದವರು ಇದನ್ನು ಎಲ್ಲಿ ನೋಡಬೇಕು?”

ಮಿಸ್ ಹ್ಯಾನ್ಸನ್ ಒದ್ದೆ ಶೂಗಳನ್ನು ನೋಡಿಕೊಂಡರು, ನಾಲ್ಕು ಸಿಂಕುಗಳನ್ನು ನೋಡಿದರು, ಪರದೆಯನ್ನು ನೋಡಿದರು. ಆ ಹೊತ್ತಿಗೆ ಜಯರಾಜ್ ಕನ್ನಡದಲ್ಲೇ ಕೂಗಿದರು: “ಎಂಥಾ ಬಗ್ ಸಿಕ್ಕಿತು ಮಾರಾಯ್ರೆ! ನಮ್ಮ ಹನ್ನೆರಡು ಇಂಜಿನಿಯರಿಗೆ ಕಾಣದ್ದು ಈ ಹುಡುಗಿಗೆ ಕಂಡಿತಲ್ಲ!” ಆಮೇಲೆ ಇಂಗ್ಲಿಷಿಗೆ ತಿರುಗಿ, ಅರವತ್ತನ್ನೂ ಈ ಮಕ್ಕಳು ಇದೇ ಸಿಂಕುಗಳಲ್ಲಿ, ಇದೇ ಮೇಜುಗಳ ಮೇಲೆ ಮಾಡಿ ನೋಡಿದ ಮೇಲೆಯೇ ಹೊರಗೆ ಬಿಡುವುದು ಎಂದು ಪ್ರಿನ್ಸಿಪಾಲರಿಗೆ ಹೇಳಿದರು. ಕಂಪ್ಯೂಟರ್ ಲೈಬ್ರರಿಯಲ್ಲಿರಲಿ, ಅಲ್ಲಿಗೆ ವೈರು ಎಳೆಸುವ ಜವಾಬ್ದಾರಿ ತಮ್ಮದು ಎಂದರು.

ಮಿಸ್ ಹ್ಯಾನ್ಸನ್ ಬಹಳ ಹೊತ್ತು ಯೋಚಿಸಲಿಲ್ಲ. “ಕಾರ್ಪೆಟ್ ಬೇಡ” ಅಂದರು. “ಒಂದು ಒಳ್ಳೆಯ ಮಾಪ್ ತರಿಸೋಣ.”

ಮಕ್ಕಳ ಗದ್ದಲದಲ್ಲಿ ಮಾಸ್ತರರಿಗೆ ಕಣ್ಣು ತುಂಬಿ ಬಂತು. ನೆಲ ಒರೆಸುತ್ತಿದ್ದ ಮರಿಸೋಲ್ ತಲೆ ಎತ್ತದೆ ಕೇಳಿದಳು: “ಮಿಸ್ಟರ್ ವಿ, ಹನ್ನೊಂದು ವರ್ಷದಲ್ಲಿ ಎಷ್ಟು ಮಕ್ಕಳಿಗೆ ತಪ್ಪು ಹೇಳಿದಿರಿ?”

ವರ್ಷಕ್ಕೆ ಅರವತ್ತು. ಆರುನೂರ ಅರವತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ, ಫ್ರೀವೇಯ ಸಂಜೆಯ ಟ್ರಾಫಿಕ್ಕಿನಲ್ಲಿ ಇಂಚಿಂಚಾಗಿ ಸರಿಯುವಾಗ, ಅವರ ತಲೆಯಲ್ಲಿ ಆ ಲೆಕ್ಕ ಗುಯ್ಗುಡುತ್ತಿತ್ತು. ಆರುನೂರ ಅರವತ್ತರಲ್ಲಿ ಒಬ್ಬನಾದರೂ ಕೈ ಎತ್ತಬಾರದಿತ್ತೇ? ಎತ್ತಿದ್ದರೆ ತಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಲ್ಲ, ಮಾಸ್ತರೇ!

ಮನೆಯಲ್ಲಿ ಸುದ್ದಿ ಕೇಳಿ ಅಪೇಕ್ಷಾ ಸೋಫಾದ ಮೇಲೆ ಹಾರಿ ಹಾರಿ ಚಪ್ಪಾಳೆ ಹೊಡೆದಳು. ಪ್ರಭಾ ಗೋಧಿ ಹುಗ್ಗಿಗೆ ಬೆಲ್ಲ ತೆಗೆದಳು. ಮಾಸ್ತರರು ಮಾತ್ರ ಫೋನ್ ಕಾರ್ಡು ಹುಡುಕುತ್ತಿದ್ದರು. ಇಲ್ಲಿ ಸಂಜೆ ಏಳೂವರೆ, ಅಲ್ಲಿ ಬೆಳಗ್ಗೆ ಎಂಟು. ಅವರ ಶಿಷ್ಯ ಶಿವರುದ್ರಪ್ಪ ಈಗ ಅದೇ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ್. ಮನೆಯಲ್ಲೇ ಸಿಕ್ಕ.

“ಸರ್ರ! ಆರಾಮ ಅದೀರಿ?”

“ಅದಿರಲಿ. ನೀರು ಅಪ್ರದಕ್ಷಿಣೆ ಹಾಕ್ತೈತಿ ಅಂತ ನಾ ಹೇಳಿದ್ನೆಲ್ಲ, ಅದನ್ನ ನೀ ಕಲಸ್ತಿ ಏನು?”

“ಕಲಸ್ತೀನ್ರಿ! ಮೊನ್ನೆನ ಕಲಿಸಿದ್ನಿ. ನೀವು ಹೇಳಿದಂಗ, ಒಂದಕ್ಷರ ಬಿಟ್ಟಿಲ್ರಿ.”

ವಿರುಪಾಕ್ಷಪ್ಪನವರು ಕಣ್ಣು ಮುಚ್ಚಿಕೊಂಡರು. “ಅದು ತಪ್ಪೈತೋ ಶಿವರುದ್ರಪ್ಪ. ಸಿಂಕಿನ ನೀರು ಯಾ ಕಡಿಗೆ ಬೇಕಾದ್ರೂ ಸುತ್ತತೈತಿ. ಇವತ್ತ ನೋಡಿದ್ನಿ.”

“ಹೌದ್ರೀ ಸರ? ಆತ್ರಿ. ಇವತ್ತ ಹೋಗಿ ತಿದ್ದಿ ಬರಸ್ತೀನಿ. ನೀವು ಹೇಳಿದ ಮ್ಯಾಲ ಮುಗೀತ್ರಿ.”

“ಏ, ಮುಗೀಲಿಲ್ಲೋ!” ಎಂದು ಮಾಸ್ತರರು ಚೀರಿದರು. ಅಡುಗೆಮನೆಯಿಂದ ಪ್ರಭಾ ಸೌಟು ಹಿಡಿದೇ ಓಡಿ ಬಂದಳು. “ಶಿವರುದ್ರಪ್ಪ, ಕೇಳಿಲ್ಲೆ. ನಾ ಈಗ ಹೇಳಿದ್ದೂ ಸುಳ್ಳು ಅಂತ ತಿಳ್ಕೊ. ಏನ್ ಮಾಡ್ತಿ?”

“ಅಯ್ಯ, ನೀವು ಸುಳ್ಳ ಯಾಕ ಹೇಳ್ತೀರಿ ಸರ...”

“ಹೇಳೀನಿ ಅಂತ ತಿಳ್ಕೊ ಅಂದ್ನಿ!”

ಕಾರ್ಡಿನ ನಿಮಿಷಗಳು ಉರಿದುಹೋಗುತ್ತಿದ್ದವು. ಮಾಸ್ತರರು ಉಸಿರು ಬಿಗಿಹಿಡಿದು ಕಾದರು. ಕೊನೆಗೆ ಶಿವರುದ್ರಪ್ಪನ ದನಿ ಕೇಳಿಸಿತು, ದೊಡ್ಡವರ ಎದುರು ಆಡಬಾರದ ಮಾತು ಆಡುವವನ ಅಳುಕಿನಲ್ಲಿ.

“ಹಂಗಾದ್ರ... ನಿಮ್ಮನ್ನ ನಂಬಾಕ ಬರಂಗಿಲ್ರಿ ಸರ. ಒಂದು ಬಕೀಟಿಗೆ ತೂತು ಹಾಕಿ, ನೀರು ತುಂಬಿ, ನಾನ ನೋಡಬೇಕಾಗ್ತೈತಿ.”

“ಶಾಬಾಸ್! ಮಕ್ಕಳನ್ನೂ ನಿಂದ್ರಿಸಿ ನೋಡು!” ಎಂದು ಕೂಗಿದ ವಿರುಪಾಕ್ಷಪ್ಪನವರು ಫೋನು ಹಿಡಿದುಕೊಂಡೇ ಗಳಗಳ ಅತ್ತುಬಿಟ್ಟರು.